ಪಕ್ಕವಾದ್ಯದವರ ಹೆಸರನ್ನು ಬರೆದಿಟ್ಟುಕೊಳ್ಳಿ

ಹೆಚ್ಚು ಪ್ರಚಾರವಿಲ್ಲದ ಒಳ್ಳೆಯ ಕಲಾವಿದರನ್ನು ಹುಡುಕುವವರು ಉಡುಪಿಯ ಕೃಷ್ಣ ಮಠದ ಸಭಾಂಗಣವಾದ ರಾಜಾಂಗಣದ ಸಂಗೀತ ಕಛೇರಿಗೆ ಹೋದಾಗ, ಆಮಂತ್ರಣ ಪತ್ರಿಕೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಪಿಟೀಲು, ಮೃದಂಗ, ಘಟಂ ವಾದಕರ ಹೆಸರುಗಳನ್ನು ಬರೆದಿಟ್ಟುಕೊಂಡು, ಮನೆಗೆ ಬಂದ ಮೇಲೆ ಅವನ್ನೇ ಯೂಟ್ಯೂಬಿನಲ್ಲಿ ಹುಡುಕಿ ನೋಡಬೇಕೆಂದು ನನ್ನ ವಿನಂತಿ. ಮೃದಂಗ, ಘಟಂ ವಾದಕರಷ್ಟೇ ನುಡಿಸುವ ತನಿ ಆವರ್ತನದ ಹೊತ್ತಿಗೆ ದಯವಿಟ್ಟು ಎದ್ದು ಹೋಗಬೇಡಿ.

ಕದ್ರಿ ಗೋಪಾಲನಾಥರು (1949–2019) ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೋಫೋನನ್ನು ನಮ್ಮ ಕರಾವಳಿಯ ದೇವಸ್ಥಾನದ ಉತ್ಸವಗಳಲ್ಲಿ, ಮದುವೆ ಮನೆಗಳಲ್ಲಿ ಸೊಗಸಾಗಿ ನುಡಿಸುವವರು ಅನೇಕರಿದ್ದಾರೆ. ಒಮ್ಮೆ ರಥಬೀದಿಯಲ್ಲಿ, ಪಲ್ಲಕ್ಕಿಯ ಮುಂದೆ ನಡೆಯುತ್ತಲೇ, ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ಒಬ್ಬರು ನುಡಿಸಿದ ಮೋಹನ ರಾಗ ಇನ್ನೂ ನನ್ನ ಕಿವಿಯಲ್ಲಿದೆ. ಅಂಥವರ ಹೆಸರು ಆಮಂತ್ರಣದಲ್ಲಿ ಇರುವುದು ಕಡಿಮೆ. ಸೇವೆ ಮುಗಿದ ಬಳಿಕ ಹತ್ತಿರ ಹೋಗಿ, ಮುಂದಿನ ಕಾರ್ಯಕ್ರಮ ಎಲ್ಲಿದೆಯೆಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ.