ಗೆದ್ದೇ ಗೆಲ್ಲುತ್ತಾರೆ ಎನ್ನುವ ಮನೆಗಳೇ ಕಷ್ಟ: ನ್ಯೂಜೆರ್ಸಿ ಗವರ್ನರ್ ಚುನಾವಣೆಯಲ್ಲಿ ಬಾಗಿಲು ತಟ್ಟಿದ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ಗವರ್ನರ್ ಚುನಾವಣೆ ಬರುವುದು ಅಮೆರಿಕದ ಅಧ್ಯಕ್ಷರ ಚುನಾವಣೆಯ ಮರುವರ್ಷ. 2020ರಲ್ಲಿ ಕೋವಿಡ್‌ನಿಂದಾಗಿ ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿತ್ತು. ಮರುವರ್ಷ ಹಾಗೆ ಬರಲಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಚುನಾವಣೆ ಇದೆ ಎನ್ನುವುದೇ ಗೊತ್ತಿರಲಿಲ್ಲ. 2021ರ ನವೆಂಬರ್ 2ರಂದು ಡೆಮಾಕ್ರಟಿಕ್ ಗವರ್ನರ್ ಫಿಲ್ ಮರ್ಫಿ ಎರಡನೇ ಅವಧಿಗೆ ನಿಂತಿದ್ದರು. ಎದುರಾಳಿ ರಿಪಬ್ಲಿಕನ್ ಪಕ್ಷದ ಜ್ಯಾಕ್ ಚಿಟರೆಲ್ಲಿ. ಮರ್ಫಿ ಪರವಾಗಿ ಮಿಡಲ್‌ಸೆಕ್ಸ್ ಕೌಂಟಿಯ (ನಮ್ಮ ಜಿಲ್ಲೆಯಂಥದು) ಭಾರತೀಯರು ಹೆಚ್ಚಿರುವ ಎಡಿಸನ್, ಇಸೆಲಿನ್ ಕಡೆ ಸ್ವಯಂಸೇವಕನಾಗಿ ಮಾಡಿದ ಕೆಲಸ, ಅದರಲ್ಲಿ ಎಲ್ಲೆಲ್ಲಿ ಎಡವಟ್ಟಾಗುತ್ತದೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮುಂದೆ ಯಾವ ಪಕ್ಷಕ್ಕೆ ಕೆಲಸ ಮಾಡುವವರಿಗೂ ಇದು ಉಪಯೋಗಕ್ಕೆ ಬರಬೇಕು.

ಮೊದಲು ಲೆಕ್ಕ. ರಾಜ್ಯದಲ್ಲಿ ನೋಂದಾಯಿತ ಡೆಮಾಕ್ರಟರು 2021ರಲ್ಲಿ ರಿಪಬ್ಲಿಕನ್ನರಿಗಿಂತ 10 ಲಕ್ಷಕ್ಕೂ ಹೆಚ್ಚಿದ್ದರು. ಮತದಾನಕ್ಕೆ ಒಂದು ವಾರವಿದ್ದಾಗ ಮಾನ್‌ಮೌತ್ ವಿಶ್ವವಿದ್ಯಾಲಯದ ಸಮೀಕ್ಷೆ ಮರ್ಫಿಗೆ ಶೇ 50, ಚಿಟರೆಲ್ಲಿಗೆ ಶೇ 39 ಎಂದಿತ್ತು. ಕೊನೆಗೆ ಬಂದದ್ದು ಶೇ 51.2 ಮತ್ತು ಶೇ 48. ಅಂತರ ಸುಮಾರು 84 ಸಾವಿರ ಓಟು. 1977ರಲ್ಲಿ ಬ್ರೆಂಡನ್ ಬರ್ನ್ ಮರಳಿ ಗೆದ್ದ ಮೇಲೆ ಆ ರಾಜ್ಯದಲ್ಲಿ ಯಾವ ಡೆಮಾಕ್ರಟಿಕ್ ಗವರ್ನರೂ ಎರಡನೇ ಸಲ ಗೆದ್ದಿರಲಿಲ್ಲ. ಅಧಿಕಾರದಲ್ಲಿರುವವರ ಚುನಾವಣೆಯಲ್ಲಿ ವಿರೋಧಿಗಳ ಮನ ಒಲಿಸುವುದು ಎರಡನೆಯ ಕೆಲಸ. "ಅವರು ಗೆಲ್ತಾರೆ ಬಿಡಿ" ಎಂದು ಸೋಫಾದಲ್ಲಿ ಕೂತ ನಮ್ಮವರನ್ನೇ ಎಬ್ಬಿಸುವುದು ಮೊದಲನೆಯದು.

ಅದಕ್ಕೆ ತಕ್ಕಂತೆ ಪಟ್ಟಿ ಮಾಡಬೇಕು. ಮಿನಿವ್ಯಾನ್ ಎಂಬ ಆ್ಯಪ್‌ನಲ್ಲಿ ಒಂದೊಂದು ಬಡಾವಣೆಯನ್ನು ತುಂಡು ಮಾಡಿ ಕೊಡುತ್ತಾರೆ, ಅದಕ್ಕೆ ಟರ್ಫ್ ಎನ್ನುತ್ತಾರೆ. ಎರಡೂವರೆ ಗಂಟೆಯ ಪಾಳಿಗೆ 50ರಿಂದ 60 ಬಾಗಿಲು ಸಾಕು. ಅಷ್ಟರಲ್ಲಿ ಹತ್ತು ಹದಿನೈದು ಮನೆಯವರು ಮಾತಿಗೆ ಸಿಕ್ಕರೆ ಒಳ್ಳೆಯ ದಿನ. 2020ರಲ್ಲೂ 2017ರಲ್ಲೂ ಓಟು ಹಾಕಿದವರ ಮನೆಗೆ ನಾವು ಹೋಗಲಿಲ್ಲ, ಅವರು ಹೇಗೂ ಹಾಕುತ್ತಾರೆ. 2020ರಲ್ಲಿ ಹಾಕಿ 2017ರಲ್ಲಿ ಹಾಕದವರೇ ನಮ್ಮ ಗುರಿ. ಪ್ರತಿ ಮಾತುಕತೆಗೂ 1ರಿಂದ 5ರವರೆಗೆ ಗುರುತು: 1 ಎಂದರೆ ಗಟ್ಟಿ ಬೆಂಬಲ, 3 ಎಂದರೆ ಇನ್ನೂ ತೀರ್ಮಾನಿಸಿಲ್ಲ, 5 ಎಂದರೆ ಗಟ್ಟಿಯಾಗಿ ಎದುರಾಳಿಯ ಕಡೆ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ. ಮನೆಯವರು ನಗುನಗುತ್ತಾ ಮಾತಾಡಿದರೆ 1 ಹಾಕಿಬಿಡುತ್ತಾರೆ. ನಮ್ಮ ಜನ ಬಾಗಿಲಿಗೆ ಬಂದವರಿಗೆ ನೀರು ಕೊಟ್ಟು ಮಾತಾಡಿಸುತ್ತಾರೆ, ಅದು ಓಟಲ್ಲ. ಅಭ್ಯರ್ಥಿಯ ಹೆಸರು ಹೇಳಿ ಬೆಂಬಲ ಹೇಳಿದರೆ ಮಾತ್ರ 1.

ಭಾರತೀಯ ಮನೆಗಳನ್ನು ಅಡ್ಡಹೆಸರಿನಿಂದ ಹುಡುಕುವ ಪದ್ಧತಿ ಗುಜರಾತಿಗಳಿಗೆ ಒಗ್ಗುತ್ತದೆ, ನಮಗೆ ಒಗ್ಗುವುದಿಲ್ಲ. ಗೌಡ, ಹೆಗಡೆ, ಶೆಟ್ಟಿ, ರಾವ್ ಎಂದು ಹುಡುಕಿದರೆ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಲಾಸ್ಟ್ ನೇಮ್ ಮಾಡಿಕೊಂಡ ಕನ್ನಡಿಗರು ಪೂರ್ತಿ ತಪ್ಪಿಹೋಗುತ್ತಾರೆ. ಗಂಡ, ಹೆಂಡತಿ, ಮಗಳು ಮೂವರದ್ದೂ ಬೇರೆ ಬೇರೆ ಲಾಸ್ಟ್ ನೇಮ್ ಇರುವ ಮನೆಯನ್ನು ಆ್ಯಪ್ ಮೂರು ಮನೆಯೆಂದು ತೋರಿಸಿದ್ದೂ ಉಂಟು. ಹಾಗಾಗಿ ವಿಳಾಸ ಹಿಡಿದು ಹೋಗಿ, ಹೆಸರು ಹಿಡಿದಲ್ಲ. ಬಾಗಿಲು ತೆರೆಯುವವರು ಊರಿನಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮ ಆಗಿರಬಹುದು. "ಅಮ್ಮಾ, ಮಗ ಮನೇಲಿದಾರಾ?" ಎಂದು ಕೇಳಿ, ಎಷ್ಟು ಹೊತ್ತಿಗೆ ಬಂದರೆ ಸಿಗುತ್ತಾರೆ ಎಂದು ತಿಳಿದು ಬರೆದುಕೊಳ್ಳಿ. ಪೌರತ್ವ ಇಲ್ಲದವರಿಗೆ ಓಟಿಲ್ಲ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು. ಎಚ್-1ಬಿಯಲ್ಲಿರುವವರು ಒಂದು ಡಾಲರನ್ನೂ ಕೊಡುವಂತಿಲ್ಲ, ಆದರೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು. ಇದು ಗೊತ್ತಿಲ್ಲದೆ ಹಿಂದೆ ಸರಿಯುವವರು ತುಂಬಾ ಮಂದಿ.

ಬಾಗಿಲಲ್ಲಿ ಮೊದಲು ಬರುವುದು ಪ್ರಾಪರ್ಟಿ ಟ್ಯಾಕ್ಸ್. ನ್ಯೂಜೆರ್ಸಿಯಲ್ಲಿ ಒಂದು ಮನೆಗೆ ಸರಾಸರಿ ವರ್ಷಕ್ಕೆ 9,000 ಡಾಲರ್ ದಾಟಿತ್ತು, ಇಡೀ ದೇಶದಲ್ಲೇ ಅತಿ ಹೆಚ್ಚು. ತೆರಿಗೆಯೊಂದೇ ನಿಮ್ಮ ಚಿಂತೆಯಾದರೆ ಬಹುಶಃ ನಮ್ಮದು ನಿಮ್ಮ ರಾಜ್ಯವಲ್ಲ ಎಂಬ ಅರ್ಥದಲ್ಲಿ ಮರ್ಫಿ 2019ರಲ್ಲಿ ಆಡಿದ್ದ ಮಾತನ್ನು ಚಿಟರೆಲ್ಲಿ ಜಾಹೀರಾತಿನಲ್ಲಿ ಮತ್ತೆ ಮತ್ತೆ ಹಾಕಿದರು. ಈ ತೆರಿಗೆ ನಿಗದಿ ಮಾಡುವುದು ಟೌನ್, ಕೌಂಟಿ ಮತ್ತು ಶಾಲಾ ಮಂಡಳಿ, ಗವರ್ನರ್ ಅಲ್ಲ. ಈ ಮಾತು ನಿಜವೇ. ಆದರೆ ಅದನ್ನೇ ಮೊದಲ ಉತ್ತರವಾಗಿ ಹೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊದಲು ಅವರ ಬಿಲ್ ಎಷ್ಟು ಎಂದು ಕೇಳಿ, ಪೂರ್ತಿ ಹೇಳಲು ಬಿಡಿ. ಆಮೇಲೆ ಮಕ್ಕಳಿರುವ ಮಧ್ಯಮ ವರ್ಗದ ಕುಟುಂಬಗಳಿಗೆ ಆ ವರ್ಷ ಬಂದ 500 ಡಾಲರ್‌ವರೆಗಿನ ರಿಬೇಟ್, ಅದಕ್ಕೆ ಹಣ ಒದಗಿಸಿದ 10 ಲಕ್ಷ ಡಾಲರ್ ಮೇಲಿನ ಆದಾಯದ ತೆರಿಗೆ, ಇವನ್ನು ಎರಡೇ ವಾಕ್ಯದಲ್ಲಿ ಹೇಳಿ. ಮೂರನೆಯ ವಾಕ್ಯಕ್ಕೆ ಯಾರಿಗೂ ತಾಳ್ಮೆ ಇರುವುದಿಲ್ಲ.

ಅಧಿಕಾರದಲ್ಲಿರುವವರ ಪರ ಹೋದಾಗ ಸರ್ಕಾರದ ಎಲ್ಲ ದೂರುಗಳೂ ನಮ್ಮ ತಲೆಗೇ ಬರುತ್ತವೆ: ಬಾರದ ನಿರುದ್ಯೋಗ ಭತ್ಯೆ, ಲೈಸೆನ್ಸ್ ಕಚೇರಿಯ ಕ್ಯೂ, ಸೆಪ್ಟೆಂಬರ್ 1ರ ಐಡಾ ಚಂಡಮಾರುತದ ಪ್ರವಾಹದಲ್ಲಿ ಮುಳುಗಿದ ಬೇಸ್‌ಮೆಂಟ್. ಪ್ರಚಾರ ತಂಡ ಸರ್ಕಾರಿ ಕೆಲಸ ಮಾಡಿಸುವಂತಿಲ್ಲ, ಮಾಡಿಸುತ್ತೇನೆಂದು ಮಾತು ಕೊಡಲೂ ಬಾರದು. ಆ ಕ್ಷೇತ್ರದ ಶಾಸಕರ ಕಚೇರಿಯ ಫೋನ್ ನಂಬರನ್ನು ಚೀಟಿಗಳಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿರಿ. ಕೊಟ್ಟ ಚೀಟಿಯನ್ನು ಜನ ಎಸೆಯುವುದಿಲ್ಲ. ಕರಪತ್ರವನ್ನು ಅಂಚೆಪೆಟ್ಟಿಗೆಯೊಳಗೆ ಹಾಕುವುದು ಫೆಡರಲ್ ಕಾನೂನಿನ ಪ್ರಕಾರ ತಪ್ಪು; ಬಾಗಿಲ ಹಿಡಿಕೆಗೆ ಸಿಕ್ಕಿಸಿ.

ಮಾತು ಮುಗಿಯುವ ಮೊದಲು ಕೇಳಲೇಬೇಕಾದ್ದು ಒಂದೇ: ಹೇಗೆ ಹಾಕ್ತೀರಿ, ಯಾವತ್ತು, ಎಷ್ಟು ಹೊತ್ತಿಗೆ? "ಹಾಕ್ತೀನಿ" ಅನ್ನುವುದು ಉತ್ತರವಲ್ಲ. "ಶನಿವಾರ ಪಟೇಲ್ ಬ್ರದರ್ಸ್‌ಗೆ ತರಕಾರಿಗೆ ಹೋಗ್ತೀವಲ್ಲ, ಆಗ" ಎಂದರೆ ಅದು ಉತ್ತರ. ಯಂತ್ರದಲ್ಲಿ ಮುಂಚಿತ ಮತದಾನ ನ್ಯೂಜೆರ್ಸಿಯಲ್ಲಿ ಮೊದಲ ಬಾರಿಗೆ ಬಂದದ್ದೇ ಆ ವರ್ಷ. ಅಕ್ಟೋಬರ್ 23ರಿಂದ 31ರವರೆಗೆ ಒಂಬತ್ತು ದಿನ, ಬೆಳಗ್ಗೆ 10ರಿಂದ ರಾತ್ರಿ 8, ಭಾನುವಾರ ಸಂಜೆ 6ರವರೆಗೆ. ಕೌಂಟಿಯ ಯಾವ ಮುಂಚಿತ ಕೇಂದ್ರಕ್ಕಾದರೂ ಹೋಗಬಹುದಿತ್ತು. ಚುನಾವಣೆಯ ದಿನ ಮಾತ್ರ ನಿಮ್ಮದೇ ಮತಗಟ್ಟೆ. ಈ ವ್ಯತ್ಯಾಸ ಹೇಳದಿದ್ದರೆ ಜನ ಮಂಗಳವಾರ ತಪ್ಪು ಕಟ್ಟಡಕ್ಕೆ ಹೋಗಿ ವಾಪಸ್ ಮನೆಗೆ ಹೋಗಿಬಿಡುತ್ತಾರೆ.

ಹೆಚ್ಚು ಓಟು ಪೋಲಾಗುವುದು ಅಂಚೆ ಮತಪತ್ರದಲ್ಲಿ, ಅದೂ ಲಕೋಟೆಯಲ್ಲಿ. ತುಂಬಿದ ಮತಪತ್ರ ಒಳ ಲಕೋಟೆಗೆ ಹೋಗಬೇಕು. ಆ ಲಕೋಟೆಗೆ ಪ್ರಮಾಣಪತ್ರದ ಒಂದು ಪಟ್ಟಿ ಅಂಟಿಕೊಂಡಿರುತ್ತದೆ, ಸಹಿ ಮಾಡಬೇಕಾದ್ದು ಅದರ ಮೇಲೆ. ಓಟಿನ ಜೊತೆ ಹೆಸರು ಯಾಕೆ ಎಂದು ಅನುಮಾನಿಸಿ ಕೆಲವರು ಆ ಪಟ್ಟಿಯನ್ನೇ ಹರಿದು ಬಿಸಾಡುತ್ತಾರೆ. ಹರಿಯಬಾರದು. ಅದರ ಸಮೇತ ಹೊರ ಲಕೋಟೆಗೆ ಹಾಕಬೇಕು. ಸಹಿ ನೋಂದಣಿಯಲ್ಲಿರುವ ಸಹಿಗೆ ಹೊಂದಬೇಕು. ನಮ್ಮ ಹಿರಿಯರಲ್ಲಿ ಕನ್ನಡದಲ್ಲಿ ಸಹಿ ಮಾಡುವವರಿದ್ದಾರೆ. ನೋಂದಣಿಯಲ್ಲಿ ಇಂಗ್ಲಿಷ್ ಸಹಿ ಇದ್ದರೆ ಇಲ್ಲೂ ಅದನ್ನೇ ಮಾಡಬೇಕು. ಬೇರೆಯವರ ಲಕೋಟೆ ಒಯ್ಯುವವರು ಹೊರಗಡೆ ತಮ್ಮ ಹೆಸರು, ವಿಳಾಸ, ಸಹಿ ಹಾಕಬೇಕು. ಒಬ್ಬರು ಮೂರಕ್ಕಿಂತ ಹೆಚ್ಚು ಒಯ್ಯುವಂತಿಲ್ಲ, ಒಂದೇ ಮನೆಯ ಕುಟುಂಬದವರಾದರೆ ಐದು. ಸ್ವಯಂಸೇವಕರಿಗೆ ನನ್ನ ಸಲಹೆ: ಯಾರ ಲಕೋಟೆಯನ್ನೂ ಕೈಗೆ ತೆಗೆದುಕೊಳ್ಳಬೇಡಿ, ಹತ್ತಿರದ ಡ್ರಾಪ್ ಬಾಕ್ಸ್ ಎಲ್ಲಿದೆ ಎಂದು ತೋರಿಸಿ. ಆ ಲಕೋಟೆಯನ್ನು ಮತಗಟ್ಟೆಯಲ್ಲಿ ಕೊಡಲಾಗುವುದಿಲ್ಲ. ಅಂಚೆ ಮತಪತ್ರ ಬಂದವರು ಮತಗಟ್ಟೆಗೆ ಹೋದರೆ ಯಂತ್ರ ಸಿಗದು, ಪ್ರಾವಿಜನಲ್ ಕಾಗದ, ಅಂದರೆ ಪರಿಶೀಲಿಸಿದ ಮೇಲೆ ಎಣಿಸುವ ತಾತ್ಕಾಲಿಕ ಮತಪತ್ರ, ಸಿಗುತ್ತದೆ. ಅದನ್ನು ಎಣಿಸುವುದು ಎಲ್ಲಕ್ಕಿಂತ ಕೊನೆಗೆ.

ಅಕ್ಟೋಬರ್ ಕೊನೆಗೆ ಸೂರ್ಯ 6ಕ್ಕೇ ಮುಳುಗುತ್ತಾನೆ. ಕತ್ತಲಾದ ಮೇಲೆ ಅಪರಿಚಿತರು ಬಾಗಿಲು ತಟ್ಟಿದರೆ ತೆರೆಯುವವರಿಲ್ಲ. ವಾರದ ದಿನ 4ರಿಂದ 6 ಬಾಗಿಲು, ಆಮೇಲೆ 8:30ರವರೆಗೆ ಫೋನ್. ಮುಂಚಿತ ಮತದಾನದ ಕೊನೆಯ ಭಾನುವಾರವೇ ಹ್ಯಾಲೋವೀನ್ ಬಂದಿತ್ತು. ಬೆಳಗ್ಗೆಯೇ ಪಾಳಿ ಮುಗಿಸುವುದು ಒಳ್ಳೆಯದು. ಮತದಾನದ ದಿನ ಮತಗಟ್ಟೆಯಿಂದ 100 ಅಡಿಯೊಳಗೆ ಪ್ರಚಾರವಿಲ್ಲ, ಅಂಗಿಯ ಮೇಲಿನ ಬ್ಯಾಡ್ಜ್ ಕೂಡ ತೆಗೆಯಬೇಕು.

ರಾತ್ರಿ 8ಕ್ಕೆ ಮತದಾನ ಮುಗಿದ ಮೇಲೆ ಟಿವಿಯಲ್ಲಿ ಚಿಟರೆಲ್ಲಿ ಮುಂದಿದ್ದರು. ಯಂತ್ರದ ಓಟುಗಳಲ್ಲಿ ಅವರ ಬಲ ಹೆಚ್ಚು, ಅಂಚೆಯ ಓಟುಗಳಲ್ಲಿ ಮರ್ಫಿಯದು. ಅಂಚೆಯವು ನಿಧಾನವಾಗಿ ಸೇರುತ್ತವೆ. ಅಸೋಸಿಯೇಟೆಡ್ ಪ್ರೆಸ್ ಫಲಿತಾಂಶ ಹೇಳಿದ್ದು ಬುಧವಾರ ಸಂಜೆ, ಚಿಟರೆಲ್ಲಿ ಸೋಲು ಒಪ್ಪಿಕೊಂಡದ್ದು 12ರಂದು. ಅಷ್ಟರೊಳಗೂ ಕೆಲಸವಿರುತ್ತದೆ. ಮತದಾನದ ದಿನದೊಳಗೆ ಅಂಚೆಮುದ್ರೆ ಬಿದ್ದ ಲಕೋಟೆಗಳು ನವೆಂಬರ್ 8ರ ರಾತ್ರಿ 8ರವರೆಗೆ ಸೇರುತ್ತಿದ್ದವು. ಸಹಿ ಬಿಟ್ಟುಹೋದ, ಸಹಿ ಹೊಂದದ ಮತದಾರರಿಗೆ ಕೌಂಟಿ ಪತ್ರ ಕಳಿಸುತ್ತದೆ, ತಿದ್ದಿಕೊಳ್ಳಲು ಅವಕಾಶವಿದೆ. ಎಷ್ಟೋ ಮನೆಯಲ್ಲಿ ಆ ಪತ್ರ ಜಾಹೀರಾತುಗಳ ಜೊತೆ ಕಸಕ್ಕೆ ಹೋಗುತ್ತದೆ. ಅಂಥವರ ಪಟ್ಟಿ ಸಿಕ್ಕ ಕೂಡಲೇ ಒಬ್ಬೊಬ್ಬರಿಗೂ ಫೋನ್ ಮಾಡಿ, "ಕೌಂಟಿಯಿಂದ ಬಂದ ಲಕೋಟೆ ಒಡೆದು ನೋಡಿ, ಒಳಗಿನ ಫಾರಂಗೆ ಸಹಿ ಹಾಕಿ ಇವತ್ತೇ ವಾಪಸ್ ಕಳಿಸಿ" ಎನ್ನಬೇಕು. ಒಂದು ಸಂಜೆಗೆ ನಲವತ್ತು ಕರೆ, ಅದರಲ್ಲಿ ಅರ್ಧ ವಾಯ್ಸ್‌ಮೇಲ್. ಉಳಿದರ್ಧ ಹಾಕಿದ ಓಟನ್ನು ಎಣಿಕೆಗೆ ಸೇರಿಸುವ ಕರೆಗಳು.