ಹಳೆಯ ಹೆಸರುಗಳ ನಡುವೆ ಒಂದು ಹೊಸ ಅಣಬೆ

ನನ್ನ ಮೊದಲ ಹೊಸ ಪ್ರಭೇದವನ್ನು ವಿವರಿಸಿ ಪ್ರಕಟಿಸುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಕಾಡಿನಲ್ಲಿ ಕಳೆದದ್ದು ಹದಿನೈದು ದಿನವೂ ಇರಲಿಕ್ಕಿಲ್ಲ. ಉಳಿದ ಕಾಲವೆಲ್ಲ ಸೂಕ್ಷ್ಮದರ್ಶಕದ ಮುಂದೆ, ನೂರಾರು ವರ್ಷಗಳಿಂದ ಜನ ಕೊಟ್ಟುಹೋದ ಹೆಸರುಗಳ ನಡುವೆ ಕಳೆಯಿತು. ಹೊಸ ಅಣಬೆ ಎಂದರೆ ಮನುಷ್ಯರು ಕಾಲಿಡದ ಜಾಗದಲ್ಲಿ ಸಿಗುವಂಥದ್ದು ಎಂದು ಕೇಳಿದವರೆಲ್ಲ ಅಂದುಕೊಳ್ಳುತ್ತಾರೆ. ನನಗೆ ಅದು ಸಿಕ್ಕಿದ್ದು ದಿನವೂ ಜನ ಓಡಾಡುವ ಕಾಲುದಾರಿಯ ಅಂಚಿನಲ್ಲಿ.

ನಾನು ಅಭ್ಯಾಸ ಮಾಡುವುದು ಇನೋಸೈಬಿ ಎಂಬ ಕುಲವನ್ನು. ಸಣ್ಣ, ಕಂದು ಬಣ್ಣದ, ನಾರುನಾರಾದ ಕೊಡೆಯ ಅಣಬೆಗಳು ಇವು. ಮರಗಳ ಬೇರಿನೊಂದಿಗೆ ಕೊಟ್ಟು ತೆಗೆದುಕೊಂಡು ಬದುಕುತ್ತವೆ. ಹಲವುಗಳಲ್ಲಿ ಮಸ್ಕರೀನ್ ಎಂಬ ವಿಷವಿರುವುದರಿಂದ ಗುರುತಿನಲ್ಲಿ ತಪ್ಪಿದರೆ ಕೇವಲ ಹೆಸರಿನ ತಪ್ಪಾಗಿ ಉಳಿಯುವುದಿಲ್ಲ. ಈ ಕುಲ ಸೇರಿರುವ ಕುಟುಂಬದಲ್ಲಿ ವಿವರಿಸಿದ ಪ್ರಭೇದಗಳೇ ಸಾವಿರಕ್ಕೂ ಹೆಚ್ಚು. ಬರಿಗಣ್ಣಿಗೆ ಒಂದರ ಹಾಗೆಯೇ ಇನ್ನೊಂದು.

ಮೊದಲ ಮಳೆಗಾಲದಲ್ಲಿ ಒಂದೇ ಮರದ ಬುಡದಲ್ಲಿ ಆರೇಳು ಅಣಬೆಗಳು ಸಿಕ್ಕವು. ಅವುಗಳಲ್ಲಿ ಎರಡರ ಕೊಡೆಗೆ ಕೆಂಪು ಛಾಯೆಯಿತ್ತು. ಹೊಸದೇನಾದರೂ ಇದ್ದರೆ ಇವೇ ಎಂದು ಅವನ್ನು ಬೇರೆ ಡಬ್ಬಿಗೆ ಹಾಕಿದೆ. ಉಳಿದವು ಸಾಮಾನ್ಯ ಎಂದುಕೊಂಡು ಕಾಂಡ ಹಿಡಿದು ಕಿತ್ತೆ. ಇನೋಸೈಬಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಇದರ ಕಾಂಡದ ಮೇಲೆ ಹಿಟ್ಟು ಉದುರಿಸಿದಂತಹ ನವಿರಾದ ಪುಡಿ ಇರುತ್ತದೆ. ಅದು ಪುಡಿಯಲ್ಲ, ಸಿಸ್ಟಿಡಿಯಾ ಎಂಬ ಕೋಶಗಳು. ಅವು ಕಾಂಡದ ಮೇಲ್ಭಾಗದಲ್ಲಷ್ಟೇ ಇವೆಯೋ ಬುಡದವರೆಗೂ ಇವೆಯೋ ಎಂಬುದರ ಮೇಲೆ ಗುರುತು ನಿಂತಿರುತ್ತದೆ. ಎರಡು ಬೆರಳಿನಿಂದ ಹಿಡಿದರೆ ಅಷ್ಟೂ ಒರೆಸಿಹೋಗುತ್ತದೆ. ಬುಡದ ಗಡ್ಡೆ ಮುರಿದು ಮಣ್ಣಿನಲ್ಲೇ ಉಳಿಯುತ್ತದೆ. ಆಮೇಲಿಂದ ನಾನು ಚಾಕುವಿನಿಂದ ಮಣ್ಣಿನ ಸಮೇತ ಎತ್ತುತ್ತೇನೆ, ಕೊಡೆಯನ್ನಷ್ಟೇ ಮುಟ್ಟುತ್ತೇನೆ. ಎಳೆಯವು, ಬಲಿತವು ಎರಡೂ ಬೇಕು. ಕೊಡೆಯ ಅಂಚನ್ನು ಕಾಂಡಕ್ಕೆ ಸೇರಿಸುವ ಜೇಡರ ಬಲೆಯಂತಹ ತೆರೆ ಎಳೆಯದರಲ್ಲಿ ಮಾತ್ರ ಕಾಣುತ್ತದೆ.

ಬಣ್ಣ, ವಾಸನೆ, ಹತ್ತಿರದ ಮರ ಇವನ್ನು ಅಲ್ಲೇ ಕುಳಿತು ಬರೆಯಬೇಕು. ನಲವತ್ತು ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಒಣಗಿಸಿದ ಮೇಲೆ ಎಲ್ಲವೂ ಒಂದೇ ಕಂದು. ಒಣಗಿಸುವ ಮುನ್ನ ಒಂದು ಕೊಡೆಯನ್ನು ಗಾಜಿನ ಮೇಲೆ ಬೋರಲು ಹಾಕಿ ಬೀಜಕಗಳನ್ನು, ಅಂದರೆ ಅಣಬೆಯ ಬೀಜದಂತಹ ಸೂಕ್ಷ್ಮ ಕಣಗಳನ್ನು, ಬೀಳಿಸಿಕೊಳ್ಳುತ್ತೇನೆ. ಅಳತೆಗೆ ಇವೇ ಸರಿ. ಕೊಡೆಯ ಅಡಿಯಲ್ಲಿರುವ ಹಾಳೆಯಂತಹ ಕಿವಿರಿನಿಂದ ಕೆರೆದು ತೆಗೆದರೆ ಬಲಿಯದ ಬೀಜಕಗಳೂ ಸೇರಿ ಲೆಕ್ಕ ಕೆಡುತ್ತದೆ.

ಡಿಎನ್‌ಎ ಫಲಿತಾಂಶ ಬಂದಾಗ ನನ್ನ ಆರೇಳು ಅಣಬೆಗಳು ಎರಡು ಪ್ರಭೇದಗಳಾಗಿ ಒಡೆದವು. ಶಿಲೀಂಧ್ರಗಳ ಗುರುತು ಹಿಡಿಯುವ ಬಾರ್‌ಕೋಡ್ ಎಂದು 2012ರಿಂದ ಒಪ್ಪಿಕೊಂಡಿರುವ ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಓದಿಸಿದ್ದೆ. ಓದಿಸಿದ ಡಿಎನ್‌ಎಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಜೆನ್‌ಬ್ಯಾಂಕ್ ಭಂಡಾರದಲ್ಲಿ ಎರಡಕ್ಕೂ ಹತ್ತಿರದ ಹೋಲಿಕೆ ಇರಲಿಲ್ಲ. ಎರಡೂ ಹೊಸವು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಜೆನ್‌ಬ್ಯಾಂಕ್‌ನಲ್ಲಿ ಇಲ್ಲ ಎಂದರೆ ಹೊಸದು ಎಂದಲ್ಲ, ಅದರ ಡಿಎನ್‌ಎಯನ್ನು ಇದುವರೆಗೆ ಯಾರೂ ಓದಿಸಿಲ್ಲ ಎಂದಷ್ಟೇ. ಡಿಎನ್‌ಎ ಎಂಬ ಮಾತೇ ಇಲ್ಲದ ಕಾಲದಲ್ಲಿ ಹೆಸರು ಪಡೆದ ಅಣಬೆಗಳು ಎಷ್ಟೋ ಇವೆ. ಅಲ್ಲಿರುವ ಹೆಸರುಗಳಲ್ಲೂ ತಪ್ಪು ಗುರುತಿನವು ಬಹಳ.

ಹಾಗಾಗಿ ಹಳೆಯ ವಿವರಣೆಗಳನ್ನು ಒಂದೊಂದಾಗಿ ಓದಲು ಕುಳಿತೆ. ಹಲವು ನಾಲ್ಕೇ ಸಾಲಿನ ಲ್ಯಾಟಿನ್. ಬೀಜಕದ ಅಳತೆಯೇ ಇಲ್ಲದವೂ ಇದ್ದವು. ಅಂಥಲ್ಲಿ ಉಳಿಯುವ ದಾರಿ ಒಂದೇ: ಆ ಹೆಸರು ಯಾವ ಮಾದರಿಯ ಮೇಲೆ ನಿಂತಿದೆಯೋ ಆ ಮಾದರಿಯನ್ನೇ ನೋಡುವುದು. ಒಣಗಿಸಿದ ಮಾದರಿಗಳನ್ನು ಕಾಪಾಡುವ ಸಂಗ್ರಹಾಲಯವಾದ ಒಂದು ಹರ್ಬೇರಿಯಂಗೆ ಬರೆದು ಕೇಳಿಕೊಂಡೆ. ನೂರು ವರ್ಷ ದಾಟಿದ ಪೊಟ್ಟಣ ಬಂತು. ಒಳಗೆ ಚಪ್ಪಟೆಯಾದ ಮೂರು ಅಣಬೆಗಳು, ಕಪ್ಪಾದ ಮರದ ತೊಗಟೆಯಂತೆ. ಕಿವಿರಿನಿಂದ ಎರಡು ಮಿಲಿಮೀಟರ್ ಚೂರು ತೆಗೆಯಲು ಅನುಮತಿ ಇತ್ತು. ಅದನ್ನು ಶೇ. 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಗಾಜು ಮುಚ್ಚಿದೆ. ಸುರುಟಿದ್ದ ಅಂಗಾಂಶ ನಿಧಾನವಾಗಿ ಉಬ್ಬಿತು. ಎಣ್ಣೆ ಹಾಕಿ ನೋಡುವ, ನೂರು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಬೀಜಕಗಳು ನಿನ್ನೆ ಉದುರಿದಂತೆ ಇದ್ದವು. ಮೈತುಂಬ ಮೊಂಡು ಗಂಟುಗಳು. ಪಕ್ಕದಲ್ಲಿ ದಪ್ಪ ಗೋಡೆಯ ಸಿಸ್ಟಿಡಿಯಾ ಹಳದಿಗೆ ತಿರುಗುತ್ತಿತ್ತು, ಅದರ ತಲೆಯ ಮೇಲೆ ಹರಳುಗಳ ಕಿರೀಟ. ಐವತ್ತು ಬೀಜಕಗಳನ್ನು ಅಳೆದೆ. ಉದ್ದ, ಅಗಲ, ಗಂಟುಗಳ ಸಂಖ್ಯೆ ಎಲ್ಲವೂ ನನ್ನ ಕೆಂಪು ಛಾಯೆಯ ಅಣಬೆಗೆ ತಾಳೆಯಾದವು. ಅದು ಹೊಸದಲ್ಲ. ಅದಕ್ಕೆ ಆಗಲೇ ಹೆಸರಿತ್ತು, ಆ ಹೆಸರನ್ನು ಜನ ಮರೆತಿದ್ದರು.

ನಿರಾಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ಮರೆತುಹೋದ ಹೆಸರೊಂದನ್ನು ಅದರ ಅಣಬೆಗೆ ಮತ್ತೆ ಜೋಡಿಸುವುದು ಹೊಸ ಹೆಸರು ಇಡುವುದಕ್ಕಿಂತ ಕಡಿಮೆಯ ಕೆಲಸವಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಈ ಕ್ಷೇತ್ರದಲ್ಲಿ ಅಂಥ ಕೆಲಸಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ.

ಯಾವ ಹಳೆಯ ಹೆಸರಿಗೂ ಹೊಂದದೆ ಉಳಿದದ್ದು ಸಾಮಾನ್ಯ ಎಂದು ಕಿತ್ತು ಹಾಳು ಮಾಡಿದ್ದ ಇನ್ನೊಂದು ಗುಂಪು. ಕಾಂಡದ ಪುಡಿ ಇಲ್ಲ, ಗಡ್ಡೆ ಇಲ್ಲ, ಅಂಥದ್ದನ್ನು ಮಾದರಿಯಾಗಿ ಇಡುವಂತಿಲ್ಲ. ಮುಂದಿನ ಮಳೆಗಾಲ ಅದೇ ಮರದ ಬುಡಕ್ಕೆ ಏಳು ಸಲ ಹೋದೆ, ಒಂದೂ ಏಳಲಿಲ್ಲ. ಮೂರನೆಯ ವರ್ಷ ಹನ್ನೊಂದು ಎದ್ದವು. ಈ ಸಲ ಕಾಂಡದ ಬುಡದವರೆಗೂ ಪುಡಿ ಇದ್ದದ್ದನ್ನು ಕಣ್ಣಾರೆ ಕಂಡೆ. ಐಟಿಎಸ್ ಜೊತೆಗೆ ಇನ್ನೆರಡು ಜೀನ್ ಭಾಗಗಳನ್ನು ಓದಿಸಿ ವಂಶವೃಕ್ಷ ಕಟ್ಟಿದಾಗಲೂ ಇವು ಪ್ರತ್ಯೇಕ ಕೊಂಬೆಯಾಗಿಯೇ ನಿಂತವು.

ಆಮೇಲಿನದು ನಿಯಮದ ಕೆಲಸ. 2012ಕ್ಕೂ ಮುಂಚೆ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು, ಈಗ ಇಂಗ್ಲಿಷ್ ಸಾಕು. 2013ರಿಂದ ಮೈಕೋಬ್ಯಾಂಕ್‌ನಂತಹ, ಶಿಲೀಂಧ್ರಗಳ ಹೆಸರುಗಳ ಮಾನ್ಯ ಭಂಡಾರದಲ್ಲಿ ನೋಂದಾಯಿಸಿ ಪಡೆದ ಸಂಖ್ಯೆ ವಿವರಣೆಯ ಜೊತೆ ಇರಲೇಬೇಕು. ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಮಾದರಿ, ಎಂದು ಗೊತ್ತುಪಡಿಸಿ, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಹೇಳಬೇಕು. ಇನೋಸೈಬಿ ಸ್ತ್ರೀಲಿಂಗ ಪದವಾದ್ದರಿಂದ ಅದರ ಪಕ್ಕದ ವಿಶೇಷಣವೂ ಸ್ತ್ರೀಲಿಂಗದಲ್ಲಿರಬೇಕು. ನಾನು ಪುಲ್ಲಿಂಗದಲ್ಲಿ ಬರೆದಿದ್ದೆ, ವಿಮರ್ಶಕರು ತಿದ್ದಿದರು.

ಲೇಖನ ಅಚ್ಚಾದ ಮೇಲೆ ಬೇರೊಂದು ಸಂಗ್ರಹಾಲಯದಲ್ಲಿ ಗುರುತಾಗದ ಇನೋಸೈಬಿಗಳ ಪೆಟ್ಟಿಗೆಯನ್ನು ತೆರೆದು ನೋಡುತ್ತಿದ್ದೆ. ದಶಕಗಳ ಹಿಂದೆ ಯಾರೋ ಬಲು ಜತನದಿಂದ ಗಡ್ಡೆ ಸಮೇತ ಒಣಗಿಸಿಟ್ಟ ಮಾದರಿಯೊಂದು ಸಿಕ್ಕಿತು. ಚೀಟಿಯ ಮೇಲೆ ‘ಇನೋಸೈಬಿ, ಪ್ರಭೇದ ಗೊತ್ತಾಗಿಲ್ಲ’ ಎಂದು ಪೆನ್ಸಿಲ್ ಬರಹ. ಚೂರು ತೆಗೆದು ನೋಡಿದೆ. ನನ್ನ ಹೊಸ ಪ್ರಭೇದದ್ದೇ ಗಂಟುಗಳು, ಅದರದ್ದೇ ಹರಳು. ಹಳೆಯ ಚೀಟಿಯನ್ನು ತೆಗೆಯದೆ, ಅದರ ಕೆಳಗೆ ಹೊಸ ಹೆಸರಿನ ಚೀಟಿ ಅಂಟಿಸಿ ದಿನಾಂಕ ಹಾಕಿದೆ.