ಚಾರ್ ಸಿಯು: ಹೊರಗೆ ಸೀದು ಒಳಗೆ ಒಣಗುತ್ತಿದ್ದದ್ದು ಸರಿಹೋದದ್ದು ಹೀಗೆ

ದಕ್ಷಿಣ ಚೀನಾದ ಕ್ಯಾಂಟನ್ ಶೈಲಿಯ ಚಾರ್ ಸಿಯು, ಅಂದರೆ ಸಿಹಿ ಮಸಾಲೆಯಲ್ಲಿ ನೆನೆಸಿ ಸುಟ್ಟ ಹಂದಿಮಾಂಸ, ಮನೆಯ ಓವನ್‌ನಲ್ಲಿ ಪ್ರತಿ ಸಲವೂ ಹೊರಗೆ ಕರಕಲಾಗಿ, ಒಳಗೆ ನಾರುನಾರಾಗುತ್ತಿತ್ತು. ತಪ್ಪು ಎರಡು: ಕೊಬ್ಬಿಲ್ಲದ ಬೆನ್ನಿನ ಮಾಂಸ, ಮತ್ತು ಮೊದಲೇ ಜೇನುತುಪ್ಪ ಸವರಿ 220 ಡಿಗ್ರಿಯಲ್ಲಿ ಇಟ್ಟದ್ದು. ಮಾಂಸ ಬೇಯುವ ಮುಂಚೆಯೇ ಸಕ್ಕರೆ ಸೀಯುತ್ತದೆ.

ಹಂದಿಯ ಭುಜದ ಮಾಂಸವೇ ಬೇಕು, ನಡುನಡುವೆ ಕೊಬ್ಬಿನ ಎಳೆ ಇರಬೇಕು. 1 ಕೆಜಿಗೆ 60 ಗ್ರಾಂ ಸಕ್ಕರೆ, 3 ದೊಡ್ಡ ಚಮಚ ಸೋಯಾ ಸಾಸ್, 2 ದೊಡ್ಡ ಚಮಚ ಹೊಯ್ಸಿನ್ ಸಾಸ್ (ಸೋಯಾದಿಂದ ಮಾಡುವ ಸಿಹಿ-ಉಪ್ಪಿನ ಗಟ್ಟಿ ಸಾಸ್), ಅರ್ಧ ಟೀ ಚಮಚ ಫೈವ್ ಸ್ಪೈಸ್ ಪುಡಿ (ಚೀನೀ ಮಸಾಲೆ ಪುಡಿ), ಜಜ್ಜಿದ ಬೆಳ್ಳುಳ್ಳಿ 3 ಎಸಳು. ಕೆಂಪು ಬಣ್ಣಕ್ಕೆ ಹುದುಗಿಸಿದ ಕೆಂಪು ತೋಫು (ಸೋಯಾ ಹಾಲಿನ ಪನೀರ್) ಒಂದು ತುಂಡು ಕಿವುಚಿ ಹಾಕಿ. ಬಣ್ಣದ ಪುಡಿಯಿಂದ ಆ ರುಚಿ ಬರುವುದಿಲ್ಲ. 4 ಸೆಂ.ಮೀ. ದಪ್ಪದ ಪಟ್ಟಿಗಳಾಗಿ ಕೊಯ್ದು, ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ.

ಟ್ರೇಗೆ ಒಂದು ಲೋಟ ನೀರು, ಮೇಲೆ ಜಾಲರಿ, ಅದರ ಮೇಲೆ ಮಾಂಸ. ನೀರಿಲ್ಲದಿದ್ದರೆ ತೊಟ್ಟಿಕ್ಕಿದ ರಸ ಸುಟ್ಟು, ಹೊಗೆಯಿಂದ ಮಾಂಸ ಕಹಿಯಾಗುತ್ತದೆ. 160 ಡಿಗ್ರಿಯಲ್ಲಿ ಸುಮಾರು 40 ನಿಮಿಷ. ಒಳಗಿನ ಶಾಖ 70 ಡಿಗ್ರಿ ಮುಟ್ಟಲಿ.

ಸಿಹಿ ಸವರುವುದು ಈಗ. 3 ದೊಡ್ಡ ಚಮಚ ಮಾಲ್ಟೋಸ್‌ಗೆ (ಧಾನ್ಯದಿಂದ ಮಾಡುವ ಗಟ್ಟಿ ಸಿಹಿ ಪಾಕ) 1 ಚಮಚ ಬಿಸಿನೀರು ಬೆರೆಸಿ ಹಚ್ಚಿ, 220 ಡಿಗ್ರಿಯಲ್ಲಿ ಪ್ರತಿ ಬದಿಗೆ 4 ನಿಮಿಷ. ಜೇನುತುಪ್ಪವೂ ಆಗುತ್ತದೆ, ಆದರೆ ಬೇಗ ಇಳಿದುಹೋಗುತ್ತದೆ. ಮಾಲ್ಟೋಸ್ ದಪ್ಪಗೆ ಅಂಟಿ ಹೊಳೆಯುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ಕಪ್ಪು ಚುಕ್ಕೆ ಕಾಣುತ್ತಲೇ ತೆಗೆಯಿರಿ. 10 ನಿಮಿಷ ಬಿಟ್ಟು, ನಾರಿಗೆ ಅಡ್ಡವಾಗಿ ಕೊಯ್ಯಿರಿ.